ಜಲ್ಲೆ ಮುಟ್ಟುವ ನೀರು

ಕಳೆದ ಡಿಸೆಂಬರಿನ ಎರಡನೇ ಸೋಮವಾರ ಬೆಳಿಗ್ಗೆ, ಬಂಟ್ವಾಳದ ಕೆಳಗೆ ನೇತ್ರಾವತಿಯ ದಡದ ದೋಣಿಕಟ್ಟೆಯಲ್ಲಿ, ಎರಡು ಎಂಜಿನ್‌ಗಳ ವಿಹಾರ ದೋಣಿಯೊಂದರ ಮಾಲೀಕರು ತಮ್ಮ ಚಾಲಕರನ್ನು ಡೀಸೆಲ್ ಕಳ್ಳ ಎಂದು ಕರೆದರು. ಚಾ ಅಂಗಡಿಯ ಎದುರು, ಏಳೆಂಟು ಜನರ ಮುಂದೆ. ಚಾಲಕರು ಊರಿನ ದೈವದ ಹೆಸರಿನಲ್ಲಿ ಆಣೆ ಹಾಕಿದರು: ಈ ಮಾತು ಬಿಡಿಸುವವರೆಗೆ ಆ ದೋಣಿಯ ಸ್ಟೇರಿಂಗ್ ಮುಟ್ಟುವುದಿಲ್ಲ, ಮಾಲೀಕರ ಕೈಯ ನೀರು ಕುಡಿಯುವುದಿಲ್ಲ. ದೋಣಿ ಅಂದಿನಿಂದ ಕಟ್ಟೆಯಲ್ಲೇ ನಿಂತಿತು.

ಹಡಗಿನ ಎಂಜಿನ್ ಕೋಣೆಯ ಕೆಲಸ ಬಿಟ್ಟು ಬೆಳುವಾಯಿಗೆ ಬಂದ ಮೇಲೆ, ಬೋಟುಗಳ ಎಂಜಿನ್ ಪರೀಕ್ಷಿಸಿ ವರದಿ ಕೊಡುವುದು ನನ್ನ ಕೆಲಸ. ಮಾಲೀಕರು ಮರುದಿನ ಫೋನ್ ಮಾಡಿದರು. ಇಲ್ಲಿ ಬರುವ ಮಾತುಗಳಲ್ಲಿ ಹೆಚ್ಚಿನವು ತುಳುವಿನಲ್ಲಿ ಆಡಿದವು.

"ಇಂಜಿನಿಯರ್ರೆ, ಎಂಜಿನ್ ಸರಿ ಉಂಟು ಅಂತ ಒಂದು ಬರೆದು ಕೊಡ್ಬೇಕಿತ್ತು."

"ನೋಡದೆ ಹೇಗೆ ಬರೆಯುದು?"

"ನೋಡಿಯೇ ಬರೀರಿ ಮಾರಾಯ್ರೆ. ಗುತ್ತಿನ ಹಿರಿಯರು ಹೇಳಿದ್ದಾರೆ, ಮೊದಲು ಯಂತ್ರ ನೋಡಿಸಿ, ಮತ್ತೆ ದೈವದ ಎದುರು ನಿಲ್ಲಿ ಅಂತ. ಅಲ್ಲಿ ನಿಂತು ನಾನು ಸುಳ್ಳಾದ್ರೆ ನನಗೂ ಒಳ್ಳೆದಲ್ಲ."

ಆಣೆ ಬಿದ್ದರೆ ಎರಡು ಮನೆಗಳ ನಡುವೆ ಊಟ, ನೀರು, ಮಾತು ನಿಲ್ಲುತ್ತದೆ. ಇಬ್ಬರೂ ಒಟ್ಟಿಗೆ ದೈವಸ್ಥಾನಕ್ಕೆ ಹೋಗಿ ಬಿಡಿಸಬೇಕು. ದೈವದ ವರ್ಷದ ಉತ್ಸವವಾದ ನೇಮಕ್ಕೆ ಮೊದಲು ಅದು ಮುಗಿಯಬೇಕೆಂದು, ದೈವಸ್ಥಾನ ನಡೆಸುವ ಗುತ್ತಿನ ಮನೆಯ ಹಿರಿಯರು ಗಡುವು ಕೊಟ್ಟಿದ್ದರು. ಯಂತ್ರದಲ್ಲಿ ದೋಷ ಸಿಗದಿದ್ದರೆ ದೈವ ಏನೇ ಹೇಳಲಿ, ಊರು ಚಾಲಕರನ್ನು ಏನೆಂದು ಕರೆಯುತ್ತದೆ ಎಂಬುದು ನನಗೆ ಗೊತ್ತಿತ್ತು.

ಬುಧವಾರ ಹೋದೆ. ಗೋವಾದಿಂದ ಲಾರಿಯ ಮೇಲೆ ತಂದ ಹಳೆಯ ದೋಣಿ. ಫೈಬರ್ ಒಡಲು, ಮಲಗಲು ಒಂದು ಸಣ್ಣ ಕೋಣೆ, ಮೇಲೆ ಕುಳಿತು ನದಿ ನೋಡಲು ಜಾಗ, ಹಿಂಭಾಗದಲ್ಲಿ ಹಲಗೆಗಳ ಕೆಳಗೆ ಅಕ್ಕಪಕ್ಕ ಎರಡು ಡೀಸೆಲ್ ಎಂಜಿನ್. ಅಣೆಕಟ್ಟಿನ ಗೇಟು ಹಾಕಿ ಹಿನ್ನೀರು ನಿಂತ ಮೇಲೆ, ಕಟ್ಟೆಯಿಂದ ಕೆಳಕ್ಕೆ ಹೋಗಿ, ಸೂರ್ಯಾಸ್ತ ತೋರಿಸಿ, ಕತ್ತಲಾಗುವ ಮೊದಲು ಮರಳುವುದು ಅದರ ಕೆಲಸ. ಈ ಗಾತ್ರದ ದೋಣಿ, ಈ ಎಂಜಿನ್‌ಗಳು, ಈ ದೂರ. ಇದಕ್ಕೆ ಎಷ್ಟು ಡೀಸೆಲ್ ಬೇಕೆಂದು ಅಂದಾಜು ಮಾಡುವುದು ಕಷ್ಟವಲ್ಲ. ಖರ್ಚಾಗುತ್ತಿದ್ದದ್ದು ಹೆಚ್ಚು ಕಡಿಮೆ ಅದರ ಎರಡು ಪಟ್ಟು. ಮಾಲೀಕರ ಸಂಶಯ ಗಾಳಿಯಲ್ಲಿ ಹುಟ್ಟಿದ್ದಲ್ಲ.

ಮೊದಲ ದಿನ ಚಾ ಅಂಗಡಿಯ ಬೆಂಚಿನಲ್ಲಿ ಕುಳಿತಾಗ, ಅಲ್ಲಿ ನಡೆಯುತ್ತಿದ್ದ ಮಾತು ನಿಂತಿತು. ಅಂಗಡಿ ನಡೆಸುವ ಅಕ್ಕ ಚಾ ತಂದು ಬಡಿದಂತೆ ಇಟ್ಟರು.

"ನೀವಾ, ಸರ್ಟಿಫಿಕೇಟು ಕೊಡ್ಲಿಕ್ಕೆ ಬಂದವರು?"

"ಪರೀಕ್ಷೆ ಮಾಡ್ಲಿಕ್ಕೆ ಬಂದದ್ದು ಅಕ್ಕ."

"ರಿಸಲ್ಟು ಮೊದಲೇ ಬಂದಾಗಿದೆ. ಇನ್ನು ಪರೀಕ್ಷೆ ಎಂತಕ್ಕೆ?"

ಪಕ್ಕದವರು ನಕ್ಕರು. ನಾನು ಚಾ ಕುಡಿದು ದೋಣಿಗೆ ಹೋದೆ. ಮುಂದಿನ ದಿನಗಳಲ್ಲೂ ಹಾಗೆಯೇ. ಮಾಲೀಕರ ಅತಿಥಿಗೃಹದಲ್ಲಿ ಕೋಣೆಯೂ ಊಟವೂ ಇತ್ತು. ಒಂದು ಪಕ್ಷದ ಅನ್ನ ತಿಂದು ತೀರ್ಪು ಬರೆಯುವುದು ಬೇಡವೆಂದು ಒಪ್ಪಲಿಲ್ಲ. ದೋಣಿಯಲ್ಲೇ ಮಲಗಿದೆ. ಪೇಟೆಯಿಂದ ಪಾರ್ಸೆಲ್ ತಂದು ಎಂಜಿನ್ ಹಲಗೆಯ ಮೇಲೆ ಇಟ್ಟು ತಿನ್ನುತ್ತಿದ್ದೆ. ಹಡಗಿನಲ್ಲಿ ತಿಂಗಳುಗಟ್ಟಲೆ ನೀರಿನ ಮೇಲೆ ಇದ್ದವನಿಗೆ ಇದು ಹೊಸದಾಗಬಾರದಿತ್ತು. ಅಲ್ಲಿ ದಡ ಕಾಣುತ್ತಿರಲಿಲ್ಲ. ಇಲ್ಲಿ ಕಾಣುತ್ತಿತ್ತು, ದಡದಲ್ಲಿ ಜನ ಇದ್ದರು, ಅವರು ಮಾತಾಡುತ್ತಿದ್ದರು, ನಾನು ಹತ್ತಿರ ಬಂದರೆ ನಿಲ್ಲಿಸುತ್ತಿದ್ದರು.

ಕೆಲಸ ಟ್ಯಾಂಕಿನಿಂದ ಶುರು ಮಾಡಿದೆ. ಸೋರಿಕೆ ಇಲ್ಲ. ಎಂಜಿನ್ ಸುಡದೆ ಉಳಿದ ಡೀಸೆಲ್ ಟ್ಯಾಂಕಿಗೆ ಮರಳುವ ಪೈಪಿನ ಜೋಡಣೆಗಳನ್ನು ಒಂದೊಂದಾಗಿ ಒರೆಸಿ ಕಾಗದ ಸುತ್ತಿಟ್ಟೆ. ಕಾಗದ ಒಣಗಿಯೇ ಇತ್ತು. ದೋಣಿಯ ತಳದಲ್ಲಿ ನಿಂತಿದ್ದ ನೀರಿನಲ್ಲಿ ಎಣ್ಣೆಯ ಪದರ ಇಲ್ಲ. ಗಾಳಿಯ ಫಿಲ್ಟರ್, ಡೀಸೆಲ್ ಫಿಲ್ಟರ್ ಬದಲಾಯಿಸಿದೆ. ನಾಜಲ್‌ಗಳನ್ನು ಬಿಚ್ಚಿ ಮಂಗಳೂರಿಗೆ ಒಯ್ದು ಪರೀಕ್ಷಿಸಿದೆ, ಸಿಂಪಡಣೆ ಸರಿಯಾಗಿತ್ತು.

ನದಿಯ ನೀರನ್ನು ಒಳಗೆಳೆದು ಎಂಜಿನ್ ತಂಪು ಮಾಡುವ ವ್ಯವಸ್ಥೆಗೆ ಒಂದೊಂದು ಜರಡಿ ಇರುತ್ತದೆ. ಎರಡನ್ನೂ ತೆರೆದಾಗ ಒಳಗೆ ಹೊಯ್ಗೆ, ನುಣುಪಾದ ನದಿಮರಳು, ತುಂಬಿತ್ತು. ಬೆಳ್ತಂಗಡಿಯ ಕಡೆ ಮಳೆ ಹೊಡೆದರೆ ಇಲ್ಲಿ ನೀರು ಕೆಂಪಾಗಿ ಹೊಯ್ಗೆ ಇಳಿದು ಬರುವುದು ವಾಡಿಕೆ. ಹಾಗೆಂದೇ ತಿಳಿದು ಜರಡಿ ತೊಳೆದು ಕೂರಿಸಿದೆ.

ಆಮೇಲೆ ನೀರಿಗಿಳಿದು ತಳ ನೋಡಿದೆ. ಸಿಹಿನೀರಾದ್ದರಿಂದ ಚಿಪ್ಪು ಹಿಡಿದಿರಲಿಲ್ಲ, ಪಾಚಿ ಮಾತ್ರ. ಹೆರೆದು ತೆಗೆದೆ. ಎಡಗಡೆಯ ಪ್ರೊಪೆಲ್ಲರಿನ ಒಂದು ಎಲೆಯ ಅಂಚು ಸ್ವಲ್ಪ ಮಡಚಿತ್ತು. ಕಾರಣ ಸಿಕ್ಕಿತೆಂದು ಬಿಚ್ಚಿ, ಮೂಡುಬಿದಿರೆಯ ಲೇತ್ ಅಂಗಡಿಗೆ ಒಯ್ದೆ. ಆ ಕೆಲಸ ಬಲ್ಲವರು ಯಾರದೋ ಮದುವೆಗೆ ಹೋಗಿದ್ದರು, ಕಾದೆ. ನೇರ ಮಾಡಿಸಿ, ತೂಕ ಸಮ ಮಾಡಿಸಿ ತಂದು ಕೂರಿಸಿದೆ. ನಡುಕ ಕಡಿಮೆಯಾಯಿತು. ಡೀಸೆಲ್ ಲೆಕ್ಕದಲ್ಲಿ ಅದು ಲೆಕ್ಕಕ್ಕಿಲ್ಲ.

ಎರಡು ಎಂಜಿನ್ ಇದ್ದಾಗ ಇನ್ನೊಂದು ತೊಂದರೆ ಇರುತ್ತದೆ. ಒಂದು ಹೆಚ್ಚು ತಿರುಗಿ ಇನ್ನೊಂದು ಕಡಿಮೆ ತಿರುಗಿದರೆ ದೋಣಿ ಪಕ್ಕಕ್ಕೆ ಎಳೆಯುತ್ತದೆ. ಅದನ್ನು ನೇರ ಹಿಡಿಯಲು ಚುಕ್ಕಾಣಿ ಸದಾ ಓರೆಯಾಗಿರಬೇಕು, ಓರೆಯಾದ ಚುಕ್ಕಾಣಿ ನೀರನ್ನು ತಡೆಯುತ್ತದೆ. ಶಾಫ್ಟಿಗೆ ಹೊಳೆಯುವ ಪಟ್ಟಿ ಅಂಟಿಸಿ, ಬೆಳಕಿನ ಮೀಟರ್ ಹಿಡಿದು ಎರಡೂ ಎಂಜಿನ್‌ಗಳ ನಿಜವಾದ ಸುತ್ತು ಅಳೆದೆ. ಬಲಗಡೆಯ ಮೀಟರ್ ಸ್ವಲ್ಪ ಸುಳ್ಳು ಹೇಳುತ್ತಿತ್ತು. ಸರಿಪಡಿಸಿದೆ. ಲಾಭ ಸಣ್ಣದು.

ಉಳಿದದ್ದು ಒಂದೇ. ಟ್ಯಾಂಕಿನ ಸಂಪರ್ಕ ಕಳಚಿ, ಎರಡು ಎಂಜಿನ್‌ಗಳಿಗೂ ಗೆರೆ ಹಾಕಿದ ಪಾರದರ್ಶಕ ಕ್ಯಾನುಗಳಿಂದ ಡೀಸೆಲ್ ಕೊಟ್ಟೆ. ಮರಳುವ ಪೈಪನ್ನೂ ಅದೇ ಕ್ಯಾನಿಗೆ ಇಳಿಸಿದೆ. ಈಗ ಸುಟ್ಟದ್ದೆಷ್ಟೋ ಇಳಿದದ್ದು ಅಷ್ಟೇ. ನೆರವಿಗೆ ಯಾರೂ ಬರಲೊಪ್ಪದ ಕಾರಣ ಒಬ್ಬನೇ ದೋಣಿ ಬಿಚ್ಚಿ, ನದಿಯ ನಡುವಿಗೆ ಒಯ್ದು, ಪ್ರವಾಸಿಗರನ್ನು ಕರೆದೊಯ್ಯುವ ವೇಗದಲ್ಲೇ ಕೆಳಕ್ಕೆ ಹೋಗಿ ಬಂದೆ. ಮತ್ತೊಮ್ಮೆ ಹೋದೆ. ಮರುದಿನ ಮತ್ತೆ. ಪ್ರತಿ ಸಲವೂ ಡೀಸೆಲ್ ಇಳಿದದ್ದು ನನ್ನ ಅಂದಾಜಿನಷ್ಟೇ. ಎಂಜಿನ್ ಸರಿಯಿತ್ತು. ಮೊದಲಿನಿಂದಲೂ ಸರಿಯಿತ್ತು.

ಅಂದರೆ ನನ್ನ ಕೈಯಲ್ಲಿ ಹೋದಾಗ ಡೀಸೆಲ್ ಉಳಿಯುತ್ತಿತ್ತು, ಚಾಲಕರ ಕೈಯಲ್ಲಿ ಹೋದಾಗ ಕಾಣೆಯಾಗುತ್ತಿತ್ತು. ಚೆನ್ನಾಗಿ ಮಾಡಿದ ಪರೀಕ್ಷೆ ಒಬ್ಬ ಮನುಷ್ಯನನ್ನು ತೋರಿಸುತ್ತಿತ್ತು. ನಡುನೀರಿನಲ್ಲಿ ಎಂಜಿನ್ ಆರಿಸಿ ಹಲಗೆಗಳನ್ನು ಎತ್ತಿದೆ.

ಮಾಲೀಕರು ಕಟ್ಟೆಯಲ್ಲಿ ಕಾಯುತ್ತಿದ್ದರು. ಗಲ್ಫಿನಲ್ಲಿ ದುಡಿದು ಬಂದವರು, ಈಜು ಬಾರದು. ದೋಣಿ ಹತ್ತಿದ್ದು ಉದ್ಘಾಟನೆಯ ದಿನ ಮಾತ್ರ.

"ಎಂತಾಯ್ತು?"

"ಎಂಜಿನ್ ಸರಿ ಉಂಟು."

"ಹಾಗಾದ್ರೆ ಬರೆಯಿರಿ."

"ಇನ್ನೂ ಮುಗೀಲಿಲ್ಲ."

"ಸರಿ ಉಂಟು ಅಂತ ನೀವೇ ಹೇಳ್ತೀರಿ, ಮುಗೀಲಿಲ್ಲ ಅಂತಲೂ ನೀವೇ. ಎಂತ ಇಂಜಿನಿಯರ್ರೆ, ಅವ ನಿಮಗೂ ಚಾ ಕುಡಿಸಿದನಾ?"

ಮುಗಿಯಲಿಲ್ಲ ಎಂದದ್ದಕ್ಕೆ ಕಾರಣ ಇತ್ತು. ದಡಕ್ಕೆ ಬರುವ ಮೊದಲು ಅಭ್ಯಾಸದಂತೆ ಜರಡಿ ತೆರೆದಿದ್ದೆ. ಅಷ್ಟು ಸಲ ಹೋಗಿ ಬಂದರೂ ಒಳಗೆ ಒಂದು ಹರಳು ಹೊಯ್ಗೆ ಇರಲಿಲ್ಲ. ಡಿಸೆಂಬರಿನಲ್ಲಿ ಘಟ್ಟದ ಕಡೆ ಮಳೆ ಇರಲಿಲ್ಲ; ನೀರು ನಿಂತು ತಿಳಿಯಾಗಿತ್ತು. ಹಾಗಾದರೆ ಚಾಲಕರ ದಿನಗಳಲ್ಲಿ ಹೊಯ್ಗೆ ಬಂದದ್ದು ಎಲ್ಲಿಂದ? ಡೀಸೆಲ್ ಕದಿಯುವವನು ಜರಡಿಗೆ ಹೊಯ್ಗೆ ತುಂಬಿಸಬೇಕಾಗಿಲ್ಲ.

ಇನ್ನೊಂದು ಮಾತು ಚಾ ಅಂಗಡಿಯ ಅಕ್ಕನಿಂದ ಬಂತು. ಹಂಗಿಸಲೆಂದೇ ಹೇಳಿದ್ದು.

"ನಿಮ್ಮ ದೋಣಿಗೆ ಶಕ್ತಿಯೇ ಇಲ್ವಾ ಅಂತ. ಅವ ಬಿಡುವಾಗ ಒಗೆಯುವ ಕಲ್ಲಿನ ಮೇಲೆ ಇಟ್ಟ ಬಟ್ಟೆ ಎಲ್ಲ ನೀರಿಗೆ ಹೋಗ್ತಿತ್ತು. ಮೊದಲು ನೀರು ಹಿಂದೆ ಸರಿಯುದು, ಮತ್ತೆ ಒಮ್ಮೆಲೇ ಬರುದು. ನೀವು ಹೋಗುದು ಗೊತ್ತೇ ಆಗುದಿಲ್ಲ."

"ನೀರು ಹಿಂದೆ ಸರೀತದಾ?"

"ಹೌದಪ್ಪ. ಮೀನು ಕಾಣುವಷ್ಟು."

ಚಾ ಅರ್ಧಕ್ಕೆ ಬಿಟ್ಟು ಎದ್ದೆ. ಚಾಲಕರು ಸ್ಟೇರಿಂಗ್ ಹಿಡಿದು ಹೋಗುವ ದಾರಿ ನೋಡದೆ ವರದಿ ಬರೆಯುವುದಿಲ್ಲವೆಂದು ಆಗ ತೀರ್ಮಾನಿಸಿದೆ. ತೊಂದರೆ ಒಂದೇ: ಅವರು ಸ್ಟೇರಿಂಗ್ ಮುಟ್ಟುವಂತಿಲ್ಲ.

ಅವರ ಮನೆ ನದಿಯ ಮೇಲ್ಗಡೆ, ಜನರನ್ನು ದೋಣಿಯಲ್ಲಿ ದಾಟಿಸುತ್ತಿದ್ದ ಹಳೆಯ ಕಡವಿನ ಹತ್ತಿರ. ಐವತ್ತು ದಾಟಿದವರು. ಅಂಗಳದಲ್ಲಿ ಸೌದೆ ಒಡೆಯುತ್ತಿದ್ದರು. ನಾನು ಯಾರೆಂದು ಹೇಳುವ ಮೊದಲೇ ಗೊತ್ತಿತ್ತು. ಕೊಡಲಿ ಕೆಳಗಿಟ್ಟರು, ಕೂರಿ ಎನ್ನಲಿಲ್ಲ.

"ನೀವು ಅವರ ಮನೆಯಲ್ಲಿ ಊಟ ಮಾಡ್ತೀರಾ?"

"ಇಲ್ಲ. ಪೇಟೆಯಿಂದ ಪಾರ್ಸೆಲ್."

"ಒಂದು ದಿನವೂ ಇಲ್ವಾ?"

"ಇಲ್ಲ."

"ಹಾಗಾದ್ರೆ ನಿಮಗೆ ನೀರು ಕೊಡ್ಬಹುದು."

ಒಳಗೆ ಹೋಗಿ ಬೆಲ್ಲ, ನೀರು ತಂದರು. ಆ ಊರಿಗೆ ಹೋದ ಮೇಲೆ ನಾನು ಕೇಳದೆ ಬಂದ ಮೊದಲ ಲೋಟ ಅದು. ಕುಡಿದು ವಿಷಯ ಹೇಳಿದೆ. ಅವರು ತಲೆಯಾಡಿಸಿದರು.

"ಸ್ಟೇರಿಂಗ್ ಮುಟ್ಟುದಿಲ್ಲ ಅಂತ ಹೇಳಿ ಆಗಿದೆ ಅಣ್ಣ. ನನ್ನ ತಲೆ ಹೋದ್ರೂ ಮುಟ್ಟುದಿಲ್ಲ."

"ಮುಟ್ಟುದು ಬೇಡ. ನಾನು ಹಿಡೀತೇನೆ. ನೀವು ಮುಂದೆ ನಿಂತು, ಪ್ರತಿದಿನ ಹೋಗುವ ದಾರಿ ಕೈಯಲ್ಲಿ ತೋರಿಸಿ. ಎಡ ಅಂದ್ರೆ ಎಡ, ಬಲ ಅಂದ್ರೆ ಬಲ. ವೇಗವೂ ನೀವು ಹೇಳಿದ ಹಾಗೆ."

ಅವರು ಯೋಚಿಸಿದರು. "ಹತ್ತುದಿಲ್ಲ ಅಂತ ನಾನು ಹೇಳಿರ್ಲಿಲ್ಲ. ಆದ್ರೂ ಒಮ್ಮೆ ಗುತ್ತಿನವರನ್ನು ಕೇಳ್ಬೇಕು."

ಹಿರಿಯರು ಒಪ್ಪಿದರು. ಮರುದಿನ ಬೆಳಿಗ್ಗೆ ಚಾಲಕರು ಕಟ್ಟೆಗೆ ಬಂದರು. ದೋಣಿಯ ಪಕ್ಕದ ಕೊಕ್ಕೆಯಲ್ಲಿ ಕಟ್ಟಿದ್ದ ಉದ್ದದ ಬಿದಿರಿನ ಜಲ್ಲೆಯನ್ನು ಬಿಚ್ಚಿ, ಕೈಯಲ್ಲಿ ಹಿಡಿದು ಮುಂಭಾಗದಲ್ಲಿ ನಿಂತರು. ಎರಡು ಎಂಜಿನ್‌ಗಳ ದೋಣಿಯಲ್ಲಿ ಜಲ್ಲೆ ಏಕೆಂದು ನಾನು ಮೊದಲ ದಿನವೇ ಕೇಳಬಹುದಿತ್ತು. ಕೇಳಲು ಅಲ್ಲಿ ಯಾರೂ ಇರಲಿಲ್ಲ.

ಅವರ ಕೈ ಬಲಕ್ಕೆ ತೋರಿಸಿತು. ತಿರುಗಿಸಿದೆ. ಇನ್ನೂ ಬಲಕ್ಕೆ ಎಂದಿತು. ಮರಗಳ ನೆರಳು ದೋಣಿಯ ಮೇಲೆ ಬಿತ್ತು. ಅವರು ಜಲ್ಲೆಯನ್ನು ನೀರಿಗಿಳಿಸಿ, ತಳ ಮುಟ್ಟಿಸಿ, ಸರಿ ಎಂಬಂತೆ ಕೈ ಮುಂದೆ ಚಾಚಿದರು. ಅಲ್ಲಿಂದ ಮುಂದೆ ದೋಣಿ ದಡವನ್ನು ಬಿಡಲಿಲ್ಲ. ಆಗಾಗ ಜಲ್ಲೆ ಇಳಿಯುತ್ತಿತ್ತು, ಅರ್ಧ ಮುಳುಗಿ ನಿಲ್ಲುತ್ತಿತ್ತು.

ಲಿವರ್ ಮುಂದೆ ತಳ್ಳಿದೆ. ಎಂಜಿನ್‌ಗಳ ದನಿ ದಪ್ಪವಾಯಿತು. ಮೊಬೈಲಿನಲ್ಲಿ ನೋಡಿದರೆ ವೇಗ ಏರುತ್ತಿಲ್ಲ.

"ಇಲ್ಲಿ ಹೀಗೇ," ಎಂದು ಚಾಲಕರು ಕೂಗಿದರು. "ಇನ್ನೂ ಕೊಡಿ. ಸಂಜೆ ಇಷ್ಟು ಕೊಡದಿದ್ರೆ ಸೂರ್ಯ ಮುಳುಗುವ ಮೊದಲು ಮುಟ್ಟುದಿಲ್ಲ."

ಕೊಟ್ಟೆ. ಮೂತಿ ಎದ್ದಿತು, ಹಿಂಭಾಗ ಕುಸಿಯಿತು. ಹೊಗೆ ಕಪ್ಪಾಯಿತು. ತಿರುಗಿ ನೋಡಿದೆ. ಹಿಂದೆ ನೀರು ಕಲಕಿ ಹೊಯ್ಗೆಯ ಬಣ್ಣಕ್ಕೆ ತಿರುಗಿತ್ತು. ದಡದ ಕಲ್ಲುಗಳಿಂದ ನೀರು ಸರಿದು, ಬೇರುಗಳು ಕಂಡು, ಮತ್ತೆ ಅಲೆಯಾಗಿ ಮೇಲೇರಿತು. ಕ್ಯಾನುಗಳಲ್ಲಿ ಡೀಸೆಲ್ ಕಣ್ಣೆದುರೇ ಇಳಿಯುತ್ತಿತ್ತು.

ದೋಣಿ ಮುಂದೆ ಹೋಗಬೇಕಾದರೆ ಎದುರಿನ ನೀರು ಅದರ ಅಡಿಯಿಂದ ಹಿಂದಕ್ಕೆ ಹರಿಯಬೇಕು. ತಳ ಹತ್ತಿರವಿದ್ದರೆ ಆ ನೀರಿಗೆ ಜಾಗ ಸಾಲದು. ಅದು ಇಕ್ಕಟ್ಟಿನಲ್ಲಿ ನುಗ್ಗುತ್ತದೆ, ದೋಣಿಯ ಹಿಂಭಾಗವನ್ನು ಕೆಳಗೆ ಎಳೆಯುತ್ತದೆ, ಎದುರು ಅಲೆ ಎಬ್ಬಿಸುತ್ತದೆ. ದೋಣಿ ತಾನೇ ಎಬ್ಬಿಸಿದ ಅಲೆಯನ್ನು ಹತ್ತುತ್ತಲೇ ಇರುತ್ತದೆ. ಎಂಜಿನ್‌ಗೆ ಹೆಚ್ಚು ಕೊಟ್ಟಷ್ಟೂ ಅಲೆ ದೊಡ್ಡದಾಗುತ್ತದೆ. ಕಿರುಗಾಲುವೆಗಳಲ್ಲಿ ಹಡಗುಗಳು ವೇಗ ಇಳಿಸುವುದು ಇದಕ್ಕೇ. ನನಗೆ ಇದು ತಿಳಿದ ವಿಷಯವೇ. ಆದರೆ ಸಮುದ್ರದಲ್ಲಿ ಕಲಿತವನಿಗೆ ಆಳವಾದ ನೀರೇ ಕ್ಷೇಮ. ಯೋಚಿಸದೆ ನಡುವಿಗೆ ಹೋಗಿದ್ದೆ. ಹೊಳೆಯಲ್ಲಿ ಬೆಳೆದವರು ಯೋಚಿಸದೆ ಅಂಚಿಗೆ ಹೋಗಿದ್ದರು.

ಎಂಜಿನ್ ಆರಿಸಿ ಕ್ಯಾನು ತೋರಿಸಿದೆ, ವಿವರಿಸಿದೆ. ಅವರು ಗೆರೆಗಳನ್ನು ಬೆರಳಿನಿಂದ ಮುಟ್ಟಿ ನೋಡಿದರು.

"ಹಾಗಾದ್ರೆ ಡೀಸೆಲ್ ಕದ್ದದ್ದಲ್ಲ."

"ಯಾರೂ ಕದ್ದದ್ದಲ್ಲ. ಇಲ್ಲಿ ಸುಟ್ಟು ಹೋದದ್ದು."

"ನನ್ನ ಕೈಯಿಂದಲೇ."

ನಾನು ನದಿಯ ನಡುವಿಗೆ ಕೈ ತೋರಿಸಿದೆ. "ನಡುವಿನಲ್ಲಿ ಹೋಗ್ಬಹುದಿತ್ತಲ್ಲ?"

ಅವರು ಜಲ್ಲೆಯಲ್ಲಿ ದೋಣಿಯನ್ನು ದಡದಿಂದ ಸ್ವಲ್ಪ ದೂರ ಒತ್ತಿ ಹಿಡಿದು ನಿಂತರು.

"ನಡುವೆ ಇರುದು ನಾವು ತೆಗೆದ ಗುಂಡಿ," ಎಂದರು. "ನಾನು ಹೊಯ್ಗೆ ದೋಣಿಯಲ್ಲಿ ಇದ್ದವ. ಬಕೆಟು ಹಿಡಿದು ಮುಳುಗುದು, ತುಂಬಿಸಿ ಮೇಲೆ ಬರುದು. ಇಬ್ಬರು ಒಟ್ಟಿಗೆ ಮುಳುಗುತ್ತಿದ್ದೆವು. ಒಂದು ದಿನ ನಾನು ಬಂದೆ, ಅವ ಬರ್ಲಿಲ್ಲ. ಜಲ್ಲೆ ಹಾಕಿ ಹುಡುಕಿದೆ. ಜಲ್ಲೆಗೆ ತಳವೇ ಸಿಗ್ಲಿಲ್ಲ."

ಜಲ್ಲೆಯನ್ನು ಇನ್ನೊಮ್ಮೆ ತಳಕ್ಕೆ ಒತ್ತಿ ಹೇಳಿದರು: "ಜಲ್ಲೆ ಮುಟ್ಟದ ನೀರಿನ ಮೇಲೆ ಮಕ್ಕಳು ಮರಿ ಕೂತ ದೋಣಿ ನಾನು ಬಿಡುದಿಲ್ಲ ಅಣ್ಣ. ಬಿದ್ದವರನ್ನು ಎಲ್ಲಿ ಅಂತ ಹುಡುಕುದು?"

ಹೋಲಿಕೆಗಾಗಿ ಅದೇ ಕ್ಯಾನು, ಅದೇ ಲಿವರ್ ಗುರುತಿನಲ್ಲಿ ನಡುನೀರಿನಲ್ಲಿ ಒಮ್ಮೆ ಹೋಗಬೇಕಿತ್ತು. ಹೇಳಿದೆ.

"ನೀವು ಹೋಗಿ ಬನ್ನಿ. ನನ್ನನ್ನು ಇಲ್ಲಿ ಇಳಿಸಿ."

ಇಳಿಸಿದೆ. ದೋಣಿಯನ್ನು ನಡುವಿಗೆ ತಿರುಗಿಸಿದಾಗ, ಆಳ ತೋರಿಸುವ ಯಂತ್ರದ ಅಂಕಿ ಒಮ್ಮೆಲೇ ಏರಿತು. ಎಂಜಿನ್‌ಗಳ ದನಿ ಹಗುರಾಯಿತು. ಚಾಲಕರು ಜಲ್ಲೆಯನ್ನು ಹೆಗಲಿಗಿಟ್ಟು ದಡದಲ್ಲಿ ಕಟ್ಟೆಯ ಕಡೆಗೆ ನಡೆಯುತ್ತಿದ್ದರು. ಸ್ವಲ್ಪ ದೂರ ಇಬ್ಬರೂ ಜೊತೆಜೊತೆಗೇ ಇದ್ದೆವು, ನಡುವೆ ಅಗಲವಾದ ನೀರು. ಒಮ್ಮೆಯೂ ಅವರು ನನ್ನ ಕಡೆ ನೋಡಲಿಲ್ಲ. ಆಮೇಲೆ ಮರಗಳು ಅಡ್ಡ ಬಂದವು.

ಮಧ್ಯಾಹ್ನ ಅವರು ಮತ್ತೆ ಮುಂಭಾಗದಲ್ಲಿ ನಿಂತು ದಾರಿ ತೋರಿಸಿದರು. ಈ ಸಲ ಅಂಚಿನಲ್ಲೇ, ಆದರೆ ನಿಧಾನವಾಗಿ ಹೋದೆವು. ಮೂತಿ ಏಳಲಿಲ್ಲ, ಹೊಯ್ಗೆ ಕಲಕಲಿಲ್ಲ, ಡೀಸೆಲ್ ಮಿತವಾಗಿಯೇ ಇಳಿಯಿತು. ವರದಿಯಲ್ಲಿ ಇಷ್ಟು ಬರೆದೆ: ಎಂಜಿನ್‌ಗಳಲ್ಲಿ ದೋಷವಿಲ್ಲ. ಡೀಸೆಲ್ ಹೊರಗೆ ಹೋಗಿಲ್ಲ. ಕಡಿಮೆ ನೀರಿನಲ್ಲಿ ಹೆಚ್ಚು ವೇಗ ಕಾರಣ. ಆಳದಲ್ಲಿ ವೇಗವಾಗಿ, ಇಲ್ಲವೇ ಅಂಚಿನಲ್ಲಿ ನಿಧಾನವಾಗಿ ಹೋಗಬಹುದು.

ಮಾಲೀಕರು ಕಟ್ಟೆಯಲ್ಲಿ ನಿಂತೇ ಓದಿದರು. ಎರಡು ಸಲ ಓದಿದರು. ಚಾಲಕರು ದೂರದಲ್ಲಿ, ಅಂಗಡಿಯ ಆಚೆ ಬದಿಯಲ್ಲಿದ್ದರು.

"ಇದು ನಿಮಗೆ ಖಂಡಿತವಾ?"

"ಕ್ಯಾನು ಉಂಟು. ನೀವೂ ಬನ್ನಿ, ಹೋಗಿ ನೋಡುವ."

ಅವರು ನೀರಿನ ಕಡೆ ನೋಡಿದರು, ಬರಲಿಲ್ಲ. "ನಿಧಾನ ಹೋದ್ರೆ ಆಗುದಿಲ್ಲ ಇಂಜಿನಿಯರ್ರೆ. ಜನ ಬರುದೇ ಸೂರ್ಯಾಸ್ತಕ್ಕೆ. ಸೂರ್ಯ ನಮಗೆ ಅಂತ ಕಾಯ್ತಾನಾ?"

"ಬೇಗ ಹೊರಡ್ಬಹುದು."

"ಬಿಸಿಲಿಗೆ ಯಾರು ಕೂತ್ಕೊಳ್ತಾರೆ ಮಾರಾಯ್ರೆ?" ಕಾಗದ ಮಡಚಿ ಜೇಬಿಗಿಟ್ಟರು. ಆಮೇಲೆ ದನಿ ಇಳಿಸಿ ಹೇಳಿದರು: "ನಾನು ಅವತ್ತು ಹೇಳಿದ್ದು ಎಲ್ಲರ ಎದುರು ಅಲ್ವಾ."

"ಹೌದು."

"ಗುತ್ತಿನವರು ಹೇಳ್ತಾರೆ, ಬಿಡಿಸುದೂ ಎಲ್ಲರ ಎದುರೇ ಆಗ್ಬೇಕು ಅಂತ."

ನಾನು ಸಾಮಾನು ಕಟ್ಟಿಕೊಂಡು ಸಂಜೆಯ ಬಸ್ಸಿಗೆ ಬೆಳುವಾಯಿಗೆ ಮರಳಿದೆ. ಆಣೆ ಬಿಡಿಸುವಾಗ ನಾನು ಇರಲಿಲ್ಲ. ನಡೆದದ್ದನ್ನು ಚಾ ಅಂಗಡಿಯ ಅಕ್ಕ ಫೋನಿನಲ್ಲಿ ಹೇಳಿದರು. ಮಾಲೀಕರೂ ನಂತರ ಹೇಳಿದರು. ಎರಡರಲ್ಲಿ ವ್ಯತ್ಯಾಸ ಇರಲಿಲ್ಲ.

ನೇಮಕ್ಕೆ ಮೊದಲಿನ ಭಾನುವಾರ ಇಬ್ಬರೂ ಒಂದೇ ಜೀಪಿನಲ್ಲಿ ದೈವಸ್ಥಾನಕ್ಕೆ ಹೋದರು. ಆಣೆ ಬಿಡಿಸಿದರು. ಅಲ್ಲಿಂದ ನೇರ ಕಟ್ಟೆಗೆ ಬಂದರು. ಚಾ ಅಂಗಡಿಯ ಎದುರು, ಅಲ್ಲಿದ್ದವರ ಮುಂದೆ ಮಾಲೀಕರು ಹೇಳಿದರು: "ಇವರು ಕದ್ದದ್ದಲ್ಲ. ನಾನು ಹೇಳಿದ್ದು ತಪ್ಪು." ಅಂಗಡಿಯೊಳಗೆ ಹೋಗಿ ತಾವೇ ಒಂದು ಲೋಟ ನೀರು ತಂದುಕೊಟ್ಟರು. ಚಾಲಕರು ಪೂರ್ತಿ ಕುಡಿದರು. ಸ್ಟೇರಿಂಗ್ ಹಿಡಿಯಿರಿ, ನಡುವಿನಲ್ಲಿ ಹೋಗುವ ಎಂದು ಮಾಲೀಕರು ಕೇಳಿದರು. ಚಾಲಕರು ಲೋಟ ತೊಳೆದು ಬೆಂಚಿನ ಮೇಲೆ ಇಟ್ಟರು.

ದೋಣಿ ಈಗ ಸಂಜೆ ನಡುನೀರಿನಲ್ಲಿ ಹೋಗುತ್ತಿದೆ. ಮಲ್ಪೆಯಿಂದ ಬಂದ ಹೊಸಬರು ನಡೆಸುತ್ತಿದ್ದಾರೆ. ಡೀಸೆಲ್ ಖರ್ಚು ಅರ್ಧಕ್ಕೆ ಇಳಿದಿದೆ. ಹಳೆಯ ಚಾಲಕರು ದಿನಾ ಕಟ್ಟೆಗೆ ಬಂದು ಚಾ ಕುಡಿಯುತ್ತಾರೆ, ದೋಣಿಯ ಹಗ್ಗ ಬಿಚ್ಚಿಕೊಡುತ್ತಾರೆ. ಮೊನ್ನೆ ಅಂಗಡಿಯ ಅಕ್ಕನಿಗೆ ಫೋನ್ ಮಾಡಿದಾಗ ತಿಳಿದಂತೆ, ಆಣೆ ಬಿಟ್ಟ ಮೇಲೂ ಸ್ಟೇರಿಂಗ್ ಮುಟ್ಟಿಲ್ಲ.